ಪಿಳ್ಳಪ್ಪನ ಹಿಟ್ಟಿಗೆ ಗಂಟು ಬಂದದ್ದು

ಸಮೇತನಹಳ್ಳಿಯ ಸುತ್ತಮುತ್ತ ಯಾರ ಮನೆಯಲ್ಲಿ ನಾನೂರು ಎಲೆಗೆ ಮೇಲ್ಪಟ್ಟ ಊಟವಾದರೂ ಹಿಟ್ಟು ಮಾಡುವುದಕ್ಕೆ ಪಿಳ್ಳಪ್ಪನೇ ಬರಬೇಕು. ಹಿಟ್ಟು ಅಂದರೆ ರಾಗಿಮುದ್ದೆ. ಪಿಳ್ಳಪ್ಪನ ಪ್ರಕಾರ ಮುದ್ದೆ ಅನ್ನುವುದು ಹೋಟೆಲಿನವರ ಮಾತು. ಸಾರು ಯಾರಾದರೂ ಮಾಡಿಕೊಳ್ಳಲಿ, ಅದರ ಗೊಡವೆ ಅವನಿಗಿಲ್ಲ. "ಸಾರು ಕೆಟ್ರೆ ನೀರು ಹಾಕ್ಬೋದು, ಉಪ್ಪು ಹಾಕ್ಬೋದು, ಏನೂ ಆಗ್ಲಿಲ್ಲ ಅಂದ್ರೆ ಮಾಡಿದೋನ್ನ ಬೈಬೋದು. ಹಿಟ್ಟು ಕೆಟ್ರೆ ಎಮ್ಮೆಗೇ ಹಾಕ್ಬೇಕು. ಎಮ್ಮೆನೂ ಒಂದ್ಸಲ ನಮ್ಮ ಮುಖ ನೋಡುತ್ತೆ" ಎಂದು ಅವನು ಹೇಳುವುದುಂಟು.

ಅರವತ್ತಮೂರರ ಆಳು. ಎರಡೂವರೆ ಎಕರೆ ಹೊಲ, ಮೂರು ಸೀಮೆಹಸು, ಆರನೇ ಕ್ಲಾಸಿನವರೆಗೆ ಓದು. ಹದಿನೇಳನೇ ವಯಸ್ಸಿನಲ್ಲಿ, ಸೋದರಮಾವನ ಮದುವೆಯಲ್ಲಿ, ಹಿಟ್ಟು ಮಾಡಬೇಕಾದವನು ಕಂಠಪೂರ್ತಿ ಕುಡಿದು ಹುಲ್ಲಿನ ಬಣವೆಯ ಹಿಂದೆ ಮಲಗಿಬಿಟ್ಟಿದ್ದ. ಹೆಂಗಸರೆಲ್ಲ ಬಾಯಿ ಬಡಿದುಕೊಳ್ಳುತ್ತಿರುವಾಗ ಪಿಳ್ಳಪ್ಪ ಪಂಚೆ ಎತ್ತಿ ಕಟ್ಟಿ ಕೋಲು ಹಿಡಿದ. ಅವತ್ತು ಹಿಡಿದದ್ದನ್ನು ಇವತ್ತಿಗೂ ಬಿಟ್ಟಿಲ್ಲ. ಮನುಷ್ಯರನ್ನು ಅವನು ಅಳೆಯುವುದೂ ಹಿಟ್ಟಿನಲ್ಲೇ. ನುಂಗುವವನು ನಂಬಿಕಸ್ಥ, ಅಗಿಯುವವನ ಮೇಲೆ ಒಂದು ಕಣ್ಣಿಟ್ಟಿರಬೇಕು, ಚಮಚ ಕೇಳಿದವನಿಗಂತೂ ಹೆಣ್ಣು ಕೊಡಲೇಬಾರದು. ಮಗಳು ಅರ್ಪಿತಳನ್ನು ನೋಡಲು ಬಂದ ಎರಡು ಗಂಡುಗಳು ಈ ಪರೀಕ್ಷೆಯಲ್ಲೇ ಫೇಲಾಗಿ ವಾಪಸ್ಸು ಹೋಗಿದ್ದವು.

ಆದರೆ ನಾನೂರು ಎಲೆಯ ಹಿಟ್ಟನ್ನು ಒಬ್ಬನೇ ಮಾಡಲು ಯಾವ ಪೈಲ್ವಾನನಿಂದಲೂ ಆಗದು. ದೊಡ್ಡ ದಬರಿಯಲ್ಲಿ ನೀರು ಕುದಿಸಿ, ಒಣಹಿಟ್ಟು ಸುರಿದು, ಬೇಯಲು ಬಿಟ್ಟು, ಆಮೇಲೆ ಆ ಕಡೆಗೊಬ್ಬ ಈ ಕಡೆಗೊಬ್ಬ ಎದುರುಬದುರು ನಿಂತು ಎದೆಯುದ್ದದ ಕೋಲುಗಳಿಂದ ತಿರುವಬೇಕು. ಒಬ್ಬ ಒತ್ತಿದಾಗ ಇನ್ನೊಬ್ಬ ಎಳೆಯಬೇಕು. ಇಬ್ಬರೂ ಒಟ್ಟಿಗೆ ಒತ್ತಿದರೆ ನಡುವೆ ಒಣಹಿಟ್ಟು ಹಾಗೇ ಉಳಿದು ಗಂಟಾಗುತ್ತದೆ. ಇಬ್ಬರೂ ಒಟ್ಟಿಗೆ ಎಳೆದರೆ ದಬರಿಯೇ ಒಲೆ ಬಿಟ್ಟು ಇಳಿದುಬರುತ್ತದೆ. ಪಿಳ್ಳಪ್ಪನ ಎದುರು ಇಪ್ಪತ್ತಾರು ವರ್ಷದಿಂದ ನಿಂತವನು ಪಕ್ಕದ ಬೀದಿಯ ಲಕ್ಷ್ಮಯ್ಯ. ಸಣಕಲು ಮನುಷ್ಯ, ಗಂಟಲು ಮಾತ್ರ ಮೈಕು.

ಇಬ್ಬರದೂ ಬೇರೆ ಬೇರೆ ಪಾರ್ಟಿ. ಪಾರ್ಟಿಗಳ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನೀವೂ ಒಂದು ಕಡೆ ಹೋಗಿ ಕೂತುಬಿಡುತ್ತೀರಿ, ಕತೆ ಕೇಳುವವರೇ ಇರುವುದಿಲ್ಲ. ಒಲೆಯ ಮುಂದೆ ನಿಂತರೆ ಸಾಕು, ಇಬ್ಬರಿಗೂ ಶುರುವಾಗುತ್ತಿತ್ತು.

ಪಿಳ್ಳಪ್ಪ ಕೋಲು ಒತ್ತುತ್ತಾ, "ನಿಮ್ಮೋನು ಬೋರು ಕೊರೆಸ್ತೀನಿ ಅಂದಿದ್ನಲ್ಲ, ಎಲ್ಲೋ ಬೋರು?" ಅನ್ನುವನು.

ಲಕ್ಷ್ಮಯ್ಯ ಎಳೆಯುತ್ತಾ, "ಕೆರೆನೇ ನುಂಗಿ ನೀರು ಕುಡಿದೋನು ನಿಮ್ಮೋನು. ಬೋರಲ್ಲಿ ನೀರು ಎಲ್ಲಿಂದ ಬರ್ಬೇಕ್ಲಾ?" ಅನ್ನುವನು.

ಹೀಗೆ ತಾಲ್ಲೂಕು ಪಂಚಾಯ್ತಿಯಿಂದ ಹಿಡಿದು ದೆಹಲಿಯವರೆಗೆ ಒಬ್ಬೊಬ್ಬರ ಮಾನವನ್ನೂ ಹರಾಜು ಹಾಕುತ್ತಾ ಹಾಕುತ್ತಾ ದಬರಿ ಇಳಿಯುವ ಹೊತ್ತಿಗೆ ಹಿಟ್ಟು ಬೆಣ್ಣೆಯಾಗಿರುತ್ತಿತ್ತು. ಆಮೇಲೆ ಇಬ್ಬರೂ ಒಂದೇ ಬೀಡಿಕಟ್ಟಿನಿಂದ ಬೀಡಿ ಸೇದುತ್ತಿದ್ದರು. ಅಪ್ಪ, ಅಮ್ಮ, ತಾತ, ಮುತ್ತಾತ ಯಾರನ್ನೂ ಬಿಡದೆ ಬೈದುಕೊಂಡದ್ದು ಸಂಜೆಯ ಹೊತ್ತಿಗೆ ಒಗೆದು ಹರವಿದ ಬಟ್ಟೆಯಂತೆ ಒಣಗಿಹೋಗಿರುತ್ತಿತ್ತು.

ಕೆಟ್ಟದ್ದು ಫೋನು ಬಂದ ಮೇಲೆ. ಮಗ ನವೀನ್‌ಕುಮಾರ್ ಹೊಸಕೋಟೆಯ ಗೋಡೌನೊಂದರಲ್ಲಿ ಸೂಪರ್‌ವೈಸರು. ಮೊದಲ ಬೋನಸ್ಸಿಗೆ ಅಪ್ಪನಿಗೊಂದು ದೊಡ್ಡ ಫೋನು ತಂದುಕೊಟ್ಟ. ಪಿಳ್ಳಪ್ಪನಿಗೆ ಬಂದ ಮೇಲೆ ಲಕ್ಷ್ಮಯ್ಯ ಬಿಡುತ್ತಾನೆಯೇ? ಅವನೂ ತೆಗೆದುಕೊಂಡ. ಊರಿನ ವಾಟ್ಸಾಪ್ ಗುಂಪಿಗೆ 'ನಮ್ಮೂರು ನಮ್ಮ ಹೆಮ್ಮೆ' ಎಂದು ಹೆಸರಿತ್ತು. ಲೋಕಸಭೆ ಎಲೆಕ್ಷನ್ನಿನ ಹೊತ್ತಿಗೆ ಅದು ಒಡೆದು 'ನಿಜವಾದ ನಮ್ಮೂರು ನಮ್ಮ ಹೆಮ್ಮೆ' ಎಂಬ ಇನ್ನೊಂದು ಹುಟ್ಟಿಕೊಂಡಿತು. ಒಂದಿದ್ದ ಟೀ ಅಂಗಡಿ ಎರಡಾಯಿತು. ಕಡೆಗೆ ಸಾವಿಗೆ ಹೋಗುವುದಕ್ಕೂ ಸತ್ತವನು ಯಾವ ಪಾರ್ಟಿ ಎಂದು ವಿಚಾರಿಸಿಕೊಂಡು ಹೊರಡುವ ಕಾಲ ಬಂತು. ಸತ್ತವನಿಗೆ ಇನ್ನೆಂಥ ಪಾರ್ಟಿ, ಅವನ ಓಟು ಆಗಲೇ ಮುಗಿಯಿತಲ್ಲ ಎಂದು ಕೇಳುವ ಬುದ್ಧಿ ಒಬ್ಬರಿಗೂ ಬರಲಿಲ್ಲ.

ಆ ಎಲೆಕ್ಷನ್ನಿನ ವಾರದಲ್ಲೇ ಒಂದು ಗೃಹಪ್ರವೇಶದ ಊಟ. ದಬರಿಯ ಮುಂದೆ ಎಂದಿನಂತೆ ಶುರುವಾದ ಮಾತು ಎಲ್ಲೋ ಹಾದಿ ತಪ್ಪಿತು. ಲಕ್ಷ್ಮಯ್ಯ, "ನೀನು ದೇಶದ್ರೋಹಿ ಕಣಯ್ಯ" ಅಂದ. ಪಿಳ್ಳಪ್ಪ, "ನೀನು ಗುಲಾಮ" ಅಂದ. ಎರಡೂ ಊರಿನ ಬೈಗುಳವಲ್ಲ. ಎರಡೂ ಫೋನಿನಲ್ಲಿ ಬಂದ ಸರಕು. ಊರಿನ ಬೈಗುಳಕ್ಕಾದರೆ ಉತ್ತರವುಂಟು, ಇವಕ್ಕೆ ಏನೆನ್ನಬೇಕೋ ಇಬ್ಬರಿಗೂ ತಿಳಿಯಲಿಲ್ಲ. ಇಬ್ಬರೂ ಬಾಯಿ ಮುಚ್ಚಿದರು. ಅವನಾಗಿ ಮಾತಾಡಿಸುವವರೆಗೂ ತಾನು ಮಾತಾಡಿಸಿದರೆ ಕೇಳು ಎಂದು ಪಿಳ್ಳಪ್ಪ ಮನೆದೇವರ ಮುಂದೆ ನಿಂತು ಆಣೆ ಮಾಡಿದ. ಲಕ್ಷ್ಮಯ್ಯನೂ ಅವನ ಮನೆದೇವರ ಮುಂದೆ ಇದೇ ಆಣೆ ಮಾಡಿದ್ದ. ಎರಡು ದೇವರೂ ಸೇರಿ ಏನು ಮಾಡಲಾದೀತು?

ಮಾತು ಬಿಟ್ಟರೂ ಕೆಲಸ ಬಿಡುವಂತಿರಲಿಲ್ಲ. ಮೊದಲೇ ಒಪ್ಪಿಕೊಂಡ ಊಟಗಳಿದ್ದವು. ವೀಳ್ಯದೆಲೆ ಹಿಡಿದ ಮೇಲೆ ಹೋಗದಿದ್ದರೆ ಮರ್ಯಾದೆಯೇ? ಹೋದರು. ಮೂಗರ ಹಾಗೆ ಎದುರುಬದುರು ನಿಂತು ತಿರುವಿದರು.

ಹಾಗೆ ತಿರುವಿದ ಮೊದಲನೆಯದು ಒಂದು ಐಕ್ಯತಾ ಶಿಬಿರದ ಊಟ. ಹೌದು ಸ್ವಾಮಿ, ದೇಶವೇ ಎರಡು ಹೋಳಾಗಿದೆ, ಇದನ್ನು ಒಂದು ಮಾಡುವುದು ಹೇಗೆ ಎಂದು ಬೆಂಗಳೂರಿನಿಂದ ಒಬ್ಬ ಮಹನೀಯರು ಭಾಷಣಕ್ಕೆ ಬಂದಿದ್ದರು. ಮುಕ್ಕಾಲು ಗಂಟೆ ಮಾತಾಡಿದರು. ವಾದವೇ ಎಲ್ಲ ಅನರ್ಥಕ್ಕೂ ಮೂಲ, ಇಂದಿನಿಂದ ಯಾರೂ ರಾಜಕೀಯ ಮಾತಾಡಬೇಡಿ, ಒಬ್ಬರಿಗೊಬ್ಬರು ಮೌನವಾಗಿ ಮುಗುಳ್ನಗಿರಿ, ದೇಶ ತಾನಾಗಿ ಒಂದಾಗುತ್ತದೆ ಎಂದರು. ಚಪ್ಪಾಳೆ ಬಿತ್ತು. ಊಟಕ್ಕೆ ಕೂತರು. ಹಿಟ್ಟನ್ನು ಅಗಿಯಬಾರದು, ನುಂಗಬೇಕು ಎಂದು ಯಾರೋ ಹೇಳಿಕೊಟ್ಟಿದ್ದರು, ಪಾಪ, ಅವರು ಹಾಗೇ ನುಂಗಿದರು. ನಿಂಬೆಹಣ್ಣಿನ ಗಾತ್ರದ ಗಂಟೊಂದು ಗಂಟಲಲ್ಲಿ ನಿಂತಿತು. ಬೆನ್ನಿಗೆ ನಾಲ್ಕು ಗುದ್ದಿದ ಮೇಲೆ ಅದು ಹೊರಗೆ ಬಂದು, ಒಡೆದು, ಒಳಗಿನ ಒಣಹಿಟ್ಟು ಅವರ ಬಿಳಿ ಜುಬ್ಬದ ಮೇಲೆಲ್ಲ ಉದುರಿತು. ಗುದ್ದುವಾಗ ಮಾತ್ರ ಎರಡೂ ಪಾರ್ಟಿಯವರು ಒಂದಾಗಿದ್ದರು.

ಪಿಳ್ಳಪ್ಪನ ಹಿಟ್ಟಿನಲ್ಲಿ ಗಂಟು! ನಲವತ್ತಾರು ವರ್ಷದಲ್ಲಿ ಕೇಳದ ಮಾತು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನ ಪಾರ್ಟಿಯವರು, "ಲಕ್ಷ್ಮಯ್ಯ ಬೇಕಂತಲೇ ಮಾಡಿದ್ದು" ಅಂದರು. ಆ ಪಾರ್ಟಿಯವರು, "ಪಿಳ್ಳಪ್ಪನ ಪಿತೂರಿ" ಅಂದರು. ಆಮೇಲೆ ಮಾಡಿದ ಐದು ಊಟದಲ್ಲೂ ಗಂಟು. ಒಪ್ಪಿಕೊಂಡದ್ದು ಮುಗಿದ ಮೇಲೆ ಲಕ್ಷ್ಮಯ್ಯ ಬರುವುದನ್ನೂ ಬಿಟ್ಟ, ಬೇರೆ ಯಾರು ಎದುರು ನಿಂತರೂ ಗಂಟು ತಪ್ಪಲಿಲ್ಲ. ಜನ ಹಿಟ್ಟನ್ನು ಎಲೆಯ ಮೇಲೆ ಮುರಿದು, ಒಳಗೆ ಇಣುಕಿ ನೋಡಿ ತಿನ್ನಲು ಶುರುಮಾಡಿದರು. ಒಂದೂವರೆ ವರ್ಷದಲ್ಲಿ ಅವನನ್ನು ಕರೆಯುವವರು ಅರ್ಧಕ್ಕರ್ಧ ಕಡಿಮೆಯಾದರು.

ಇಂಥ ಹೊತ್ತಿನಲ್ಲಿ ಅರ್ಪಿತಳಿಗೆ ಗಂಡು ಗೊತ್ತಾಯಿತು. ನೆಲಮಂಗಲದ ಆಚೆ, ತ್ಯಾಮಗೊಂಡ್ಲಿನ ಕಡೆಯವರು. ಹುಡುಗ ಹಿಟ್ಟನ್ನು ಕಣ್ಣು ಮುಚ್ಚಿ ನುಂಗಿದ, ಪಾಸಾದ. ಅವನಪ್ಪ ಸಂಜೀವಪ್ಪ ಎಲೆಯಡಿಕೆ ಬದಲಾಯಿಸಿಕೊಳ್ಳುವಾಗ ಮೀಸೆ ಒರೆಸಿಕೊಂಡು, "ಬೀಗರೇ, ಒಡವೆ ಗಿಡವೆ ನಾವು ಕೇಳೋರಲ್ಲ. ನಿಮ್ಮ ಕೈ ಹಿಟ್ಟಿನ ಹೆಸರು ನಮ್ಮ ಕಡೆಗೂ ಬಂದೈತೆ. ಬೀಗರೂಟಕ್ಕೆ ಎರಡು ಬಸ್ಸು ಜನ ಬರ್ತೀವಿ, ಹೊಟ್ಟೆ ತುಂಬ ಹಿಟ್ಟು ಹಾಕಿ, ಅಷ್ಟೇ" ಅಂದ. ಎಲ್ಲರೂ ನಕ್ಕರು. ಪಿಳ್ಳಪ್ಪನೂ ನಕ್ಕ. ನಗುತ್ತಲೇ ಲೆಕ್ಕ ಹಾಕಿದ. ಎರಡು ಬಸ್ಸಿನವರ ಗಂಟಲಲ್ಲಿ ಗಂಟು ನಿಂತರೆ, ಬೈಸಿಕೊಳ್ಳುವವನು ತಾನಲ್ಲ. ತಾನು ಇಲ್ಲಿರುತ್ತಾನೆ. ಆ ಮನೆಯಲ್ಲಿ ದಿನ ಬೆಳಗಾದರೆ 'ನಿಮ್ಮಪ್ಪನ ಹಿಟ್ಟು ಗೊತ್ತಿಲ್ವಾ' ಅನ್ನಿಸಿಕೊಂಡು ಬಾಳಬೇಕಾದವಳು ಮಗಳು.

ನವೀನ್‌ಕುಮಾರ್, "ಟೆನ್ಷನ್ ಮಾಡ್ಕೋಬೇಡಪ್ಪ, ಮುದ್ದೆ ಮೆಷಿನ್ ಬಾಡಿಗೆಗೆ ಸಿಗುತ್ತೆ" ಎಂದು ಬೆಂಗಳೂರಿನಿಂದ ಒಂದನ್ನು ತರಿಸಿದ. ಮೆಷಿನ್ನು ಗುರ್ರೆಂದು ತಿರುಗಿ ಹನ್ನೆರಡು ಉಂಡೆ ಉಗುಳಿತು, ಕರೆಂಟು ಹೋಯಿತು. ಪಿಳ್ಳಪ್ಪ ಒಂದು ಉಂಡೆಯನ್ನು ಒತ್ತಿ ನೋಡಿದ. ಅದು ಪುಟಿದು ಒಲೆಯ ಕೆಳಕ್ಕೆ ಹೋಯಿತು. "ಇದನ್ನ ಕ್ರಿಕೆಟ್ಟಿಗೆ ಕೊಡು" ಅಂದ. ಸರಿ, ನಾನೇ ನಿಲ್ಲುತ್ತೇನೆ ಎಂದು ಮಗನೇ ಕೋಲು ಹಿಡಿದ. ಎರಡು ನಿಮಿಷಕ್ಕೆ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಮಗ ಒಳ್ಳೆಯವನು, ಆದರೆ ಅಪ್ಪ ಏನಂದರೂ 'ಹೂಂ' ಅನ್ನುವವನು. ಹೂಂ ಅನ್ನುತ್ತಾ ಅನ್ನುತ್ತಾ ಅಪ್ಪ ಒತ್ತಿದಾಗಲೇ ತಾನೂ ಒತ್ತುತ್ತಿದ್ದ.

ಕಡೆಗೆ ಪಿಳ್ಳಪ್ಪನ ಹೆಂಡತಿ ಗಂಗಲಕ್ಷ್ಮಮ್ಮ ಯಾರನ್ನೂ ಕೇಳದೆ ಕುಂಕುಮದ ಬಟ್ಟಲು ಹಿಡಿದು ಲಕ್ಷ್ಮಯ್ಯನ ಮನೆಗೆ ಹೋದಳು. ಅವನ ಹೆಂಡತಿ ರುಕ್ಮಿಣಮ್ಮ ಒಳಗೆ ಕರೆದು ಮಣೆ ಹಾಕಿದಳು. ಲಕ್ಷ್ಮಯ್ಯ ಗೋಡೆ ನೋಡಿಕೊಂಡು, "ಅರ್ಪಿತ ನನ್ನ ತೋಳ್ಮೇಲೆ ಬೆಳೆದ ಕೂಸು. ಅವಳಿಗೋಸ್ಕರ ಬಂದು ಹಿಟ್ಟು ತಿರುವ್ತೀನಿ. ಅವರಪ್ಪನ್ನ ಮಾತಾಡ್ಸಕ್ಕೆ ಮಾತ್ರ ಹೇಳ್ಬೇಡ ಕಣಮ್ಮ" ಅಂದ.

ಧಾರೆ ಮುಗಿದು ಬೀಗರೂಟದ ದಿನ ಲಕ್ಷ್ಮಯ್ಯ ಬಂದ. ಹೊಸ ಟವಲು ತಲೆಗೆ ಸುತ್ತಿ, ದಬರಿಯ ಆಚೆ ನಿಂತ. ಈಚೆ ಪಿಳ್ಳಪ್ಪ. ಪಕ್ಕದ ಒಲೆಗಳಲ್ಲಿ ಮಟನ್ ಸಾರು ಘಮಘಮ ಕುದಿಯುತ್ತಿತ್ತು. ಇವರಿಬ್ಬರ ನಡುವೆ ಒಂದು ಉಸಿರೂ ಇಲ್ಲ. ಒಬ್ಬ ಒತ್ತಿದ, ಇನ್ನೊಬ್ಬನೂ ಒತ್ತಿದ. ಕೋಲಿಗೆ ಕೋಲು ಟಕ್ಕೆಂದು ಬಡಿಯಿತು. ಮೊದಲ ದಬರಿ ಇಳಿಯಿತು. ಗಂಗಲಕ್ಷ್ಮಮ್ಮ ಕೈ ನೀರಿನಲ್ಲಿ ಅದ್ದಿ ಒಂದು ಉಂಡೆ ಕಟ್ಟಿ, ಮುರಿದು ನೋಡಿದಳು. ಒಳಗೆ ಬೆಳ್ಳಗೆ ಒಣಹಿಟ್ಟು.

ಅಷ್ಟರಲ್ಲಿ ನವೀನ್‌ಕುಮಾರ್ ಏದುಸಿರು ಬಿಡುತ್ತಾ ಬಂದು, "ಅಪ್ಪಾ, ಬಸ್ಸು ಕ್ರಾಸಿಗೆ ಬಂತು! ಎರಡಲ್ಲ, ಮೂರು!" ಅಂದ.

ಗಂಗಲಕ್ಷ್ಮಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು. ಮುರಿದ ಉಂಡೆಯನ್ನು ಇಬ್ಬರ ಮುಖದ ಮುಂದೂ ಹಿಡಿದಳು. "ಇಪ್ಪತ್ತಾರು ವರ್ಷ ನಾಯಿಗಳಂಗೆ ಕಚ್ಚಾಡ್ಕೊಂಡು ಬೆಣ್ಣೆಯಂಥ ಹಿಟ್ಟು ಮಾಡಿದ್ರಿ. ಬಾಯಿ ಮುಚ್ಕೊಂಡ್ಮೇಲೆ ಒಂದಿನಾದ್ರೂ ಸರಿಯಾಗಿ ಮಾಡಿದ್ರಾ? ಒಬ್ರು ಅಂದ್ರೆ ಇನ್ನೊಬ್ರು ಅನ್ನೋರು, ಆ ಲೆಕ್ಕದಲ್ಲೇ ಕೋಲು ಓಡ್ತಿತ್ತು. ಬಾಯಿ ಬಿಡ್ರಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ!"

ಪಿಳ್ಳಪ್ಪ ತಲೆ ಎತ್ತಿದ. ಅಡುಗೆ ಶೆಡ್ಡಿನ ಬಾಗಿಲಲ್ಲಿ ಅರ್ಪಿತ ನಿಂತಿದ್ದಳು, ರೇಷ್ಮೆ ಸೀರೆಯಲ್ಲಿ. ಅವ್ವನ ಕೈಯಲ್ಲಿದ್ದ ಉಂಡೆ ನೋಡಿದಳು, ಅಪ್ಪನ ಮುಖ ನೋಡಿದಳು, ಕಣ್ಣು ತುಂಬಿಕೊಂಡಳು. ಆಣೆ ಹಾಳಾಗಿಹೋಗಲಿ, ಮನೆದೇವರಿಗೆ ತಪ್ಪುಕಾಣಿಕೆ ಹಾಕಿದರಾಯಿತು ಅಂದುಕೊಂಡ. ಎರಡನೇ ದಬರಿಗೆ ಕೋಲು ಇಳಿಸಿ ಗಂಟಲು ಸರಿಮಾಡಿಕೊಂಡ.

"ಏನು ಲಕ್ಷ್ಮಯ್ಯನೋರೇ, ಚೆನ್ನಾಗಿದ್ದೀರಾ?"

ಲಕ್ಷ್ಮಯ್ಯ ಬೆಚ್ಚಿಬಿದ್ದ. "ಹೂಂ, ಚೆನ್ನಾಗಿದೀನಿ. ನೀವು?"

"ಏನೋ ದೇವರ ದಯೆ. ಮಳೆ ಬೆಳೆ ಎಲ್ಲಾ?"

"ಪರವಾಗಿಲ್ಲ."

ಕೋಲುಗಳು ಮತ್ತೆ ಟಕ್ಕೆಂದು ಬಡಿದುಕೊಂಡವು. ಗಂಗಲಕ್ಷ್ಮಮ್ಮ ತಲೆ ಚಚ್ಚಿಕೊಂಡಳು. "ಯೋಗಕ್ಷೇಮ ಕೇಳಕ್ಕೆ ಅಲ್ಲ ನಾನು ಹೇಳಿದ್ದು! ಬೈಯ್ರೀ!"

ಪಿಳ್ಳಪ್ಪನಿಗೂ ಆ 'ನೀವು' ಕೇಳಿ ಮೈಯೆಲ್ಲ ಉರಿದಿತ್ತು. ಇಪ್ಪತ್ತಾರು ವರ್ಷದ ಸ್ನೇಹಕ್ಕೆ ನೀವಂತೆ, ನೀವು! ಕಚ್ಚೆ ಬಿಗಿದು ಕೋಲು ಒತ್ತಿದ.

"ಲೇ ಲಕ್ಷ್ಮಯ್ಯ, ನಿಮ್ಮೋನು ನಮ್ಮ ಬೀದಿಗೆ ರಸ್ತೆ ಹಾಕ್ಸಿದ್ನಲ್ಲ, ಅದ್ರ ಮೇಲೆ ನನ್ನ ಹಸ ನಡ್ಯಕ್ಕೂ ಒಪ್ತಿಲ್ಲ ಕಣೋ!"

ಲಕ್ಷ್ಮಯ್ಯನ ಮೂಗಿನ ಹೊಳ್ಳೆ ಅರಳಿತು. ಕೋಲು ಎಳೆದ. "ನಿನ್ನ ಹಸ ಯಾಕ್ಲಾ ಒಪ್ಪುತ್ತೆ? ನಿಮ್ಮೋನು ಹಾಕ್ಸಿದ ಮೋರಿ ಒಳಗೇ ಬಿದ್ದು ಒದ್ದಾಡಿ ಅಭ್ಯಾಸ ಅದಕ್ಕೆ!"

"ಮೋರಿನಾದ್ರೂ ಹಾಕ್ಸಿದ!" ಒತ್ತಿದ.

"ಮೋರಿ ನಮ್ಮನೆ ಬಾಗಿಲ ತನಕ ಬಂದು ನಿಂತೋಯ್ತಲ್ಲೋ!" ಎಳೆದ.

ಗಂಗಲಕ್ಷ್ಮಮ್ಮ ದಬರಿಯೊಳಕ್ಕೆ ಬಗ್ಗಿ ನೋಡಿದಳು. ಗಂಟು ಒಡೆದು ಒಡೆದು ಕರಗುತ್ತಿತ್ತು. "ಹಂಗೇ, ಹಂಗೇ! ಬಿಡ್ಬೇಡಿ!" ಎಂದು ಒಲೆಗೆ ಸೌದೆ ನೂಕಿದಳು. ಇಬ್ಬರೂ ರಾಜ್ಯ ಮುಗಿಸಿ ದೆಹಲಿಗೆ ಹತ್ತಿದರು. ರೈಲು, ಗ್ಯಾಸು, ಗೊಬ್ಬರ, ಪಕ್ಕದ ದೇಶ, ಎದುರಿನ ದೇಶ, ಯಾವುದನ್ನೂ ಬಿಡಲಿಲ್ಲ. ಬೆವರು ಇಳಿಯಿತು, ತೋಳು ನೆಟ್ಟಗಾದವು. ಹಿಟ್ಟು ದಬರಿಯ ಅಂಚು ಬಿಟ್ಟು ಒಂದೇ ಮೈಯಾಗಿ ತಿರುಗತೊಡಗಿತು. ಆಗ ಪಿಳ್ಳಪ್ಪನ ಬಾಯಿಂದ, ಅವನು ಆಡಬೇಕೆಂದುಕೊಂಡಿರದ ಮಾತು ಬಂದುಬಿಟ್ಟಿತು.

"ನನ್ನ ದೇಶದ್ರೋಹಿ ಅಂದ್ಯಲ್ಲೋ! ಈ ಊರು ಬಿಟ್ಟು ಹೊಸಕೋಟೆಯಲ್ಲಿ ಒಂದು ರಾತ್ರಿ ಮಲಗಿದೋನಲ್ಲ ನಾನು. ಯಾವ ದೇಶಕ್ಕೆ ದ್ರೋಹ ಮಾಡ್ದೆನೋ?"

ಲಕ್ಷ್ಮಯ್ಯನ ಕೋಲು ತಡೆಯಿತು. "ನೀನು ಗುಲಾಮ ಅಂದೆ. ನಮ್ಮಪ್ಪ ಇನ್ನೊಬ್ರ ಮನೆ ಜೀತ ಮಾಡ್ದೋನು. ನಾನು ಆ ಹೆಸರು ಅಳಿಸ್ಬೇಕು ಅಂತಲೇ ಅಲ್ವೇನೋ ಬದುಕಿದ್ದು? ಬೇರೆ ಏನು ಬೇಕಾದ್ರೂ ಅನ್ಬೋದಿತ್ತು ನೀನು."

ಪಿಳ್ಳಪ್ಪನಿಗೆ ಇದು ಹೊಳೆದೇ ಇರಲಿಲ್ಲ. ಫೋನಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಓದುತ್ತಿದ್ದ ಮಾತು. ಅದು ಯಾರ ಮನೆಯ ಅಂಗಳದಲ್ಲಿ ಬೀಳುತ್ತದೆ ಎಂದು ಅವನು ಯೋಚಿಸಿದವನೇ ಅಲ್ಲ. ಅವನಿಗೆ ನಾಚಿಕೆಯಾಯಿತು. "ತಪ್ಪಾಯ್ತು ಕಣೋ," ಅಂದ. "ಫೋನಲ್ಲಿತ್ತು, ಅಂದ್ಬಿಟ್ಟೆ."

"ನಂದೂ ಅಷ್ಟೇ. ಸಿಟ್ಟೆಲ್ಲಾ ದೆಹಲಿಯೋರ ಮೇಲೆ. ಅವರು ನನ್ನ ಕೈಗೆ ಸಿಗ್ತಾರಾ? ಕೈಗೆ ಸಿಕ್ಕೋನು ನೀನೊಬ್ನೇ." ಲಕ್ಷ್ಮಯ್ಯ ಟವಲಿನಿಂದ ಮೂಗು ಒರೆಸಿಕೊಂಡ. "ಒಂದೂವರೆ ವರ್ಷ ಬೈಯಕ್ಕೆ ಒಬ್ಬ ಮನುಷ್ಯ ಗತಿ ಇರ್ಲಿಲ್ಲ ಕಣೋ ನಂಗೆ. ನಮ್ಮ ಪಾರ್ಟಿಯೋರ ಜೊತೆ ಕೂತ್ರೆ ನಾನು ಏನಂದ್ರೂ ಹೌದು ಹೌದು ಅಂತವೆ, ನನ್ಮಕ್ಳು."

"ನಮ್ಮ ಕಡೆನೂ ಅದೇ ಗೋಳು" ಅಂದ ಪಿಳ್ಳಪ್ಪ.

ಇಬ್ಬರೂ ಸುಮ್ಮನಾದರು. ಸುಮ್ಮನಾದ ಕೂಡಲೇ ಕೋಲಿಗೆ ಕೋಲು ತಾಗಿತು. ಗಂಗಲಕ್ಷ್ಮಮ್ಮ ಹಿಂದಿನಿಂದ, "ಅಳೋದು ಆಮೇಲೆ ಅಳಿ, ಹಿಟ್ಟು!" ಎಂದು ಕೂಗಿದಳು. ಪಿಳ್ಳಪ್ಪ ಕಣ್ಣು ಒರೆಸಿಕೊಂಡು, "ಆದ್ರೂ ನಿಮ್ಮೋನು ಕಳ್ಳನೇ ಕಣೋ" ಅಂದ. "ನಿಮ್ಮೋನು ಕಳ್ಳರ ಗುರು" ಅಂದ ಲಕ್ಷ್ಮಯ್ಯ. ದಬರಿ ಇಳಿಯಿತು.

ಪಂಕ್ತಿಗೆ ಹಿಟ್ಟು ಹೋಯಿತು. ಪಿಳ್ಳಪ್ಪ ಮೂರನೇ ದಬರಿಗೆ ನೀರು ಕುದಿಯಲಿಟ್ಟು ಶೆಡ್ಡಿನ ಸಂದಿಯಿಂದ ಇಣುಕಿದ. ಸಂಜೀವಪ್ಪ ಉಂಡೆಯನ್ನು ಮುರಿದ. ಸಾರಿನಲ್ಲಿ ಅದ್ದಿದ. ಬಾಯಿಗಿಟ್ಟ. ಬೀಗರ ಗಂಟಲು ಒಮ್ಮೆ ಏರಿ ಇಳಿಯಿತು. ಮತ್ತೊಂದು ತುತ್ತು. ಆಮೇಲೆ ಸಂಜೀವಪ್ಪ ತಲೆ ಎತ್ತದೆ, ಬಡಿಸುವವನನ್ನು ಎಡಗೈಯಿಂದ ಕರೆದು, ಎಲೆಯ ಮೇಲೆ ಎರಡು ಬೆರಳು ತೋರಿಸಿದ. ಇನ್ನೆರಡು! ಅವನ ಹಿಂದೆ ಸಾಲಿಗೆ ಸಾಲೇ ಬೆರಳು ಎತ್ತಿತು. ಅರ್ಪಿತ ಗಂಡನ ಪಕ್ಕದಲ್ಲಿ ಕೂತು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಪಿಳ್ಳಪ್ಪನಿಗೆ ಹತ್ತು ವರ್ಷ ಚಿಕ್ಕವನಾದಂತಾಯಿತು.

"ಬಾರ್ಲಾ, ಸಾಲಲ್ಲ!" ಎಂದು ಓಡಿಬಂದು ಕೋಲು ಹಿಡಿದ. ಇಬ್ಬರೂ ಮೂರನೇ ದಬರಿಯ ಮೇಲೆ ಬಿದ್ದರು. ಒಂದೂವರೆ ವರ್ಷದ ಬಾಕಿ ಬೈಗುಳವೆಲ್ಲ ಒಟ್ಟಿಗೆ ಹೊರಬಂತು. ಲಕ್ಷ್ಮಯ್ಯನ ಗಂಟಲು ಮೈಕು ಎಂದೆನಲ್ಲ, ಅದು ಪೆಂಡಾಲು ದಾಟಿ ಬೀದಿಗೆ ಕೇಳಿಸಿತು. ಬೀಗರ ಕಡೆಯವರು ಊಟ ನಿಲ್ಲಿಸಿ ಮುಖ ಮುಖ ನೋಡಿಕೊಂಡರು. ಹೆಣ್ಣಿನ ಮನೆಯಲ್ಲಿ ಹೊಡೆದಾಟ ಎಂದು ಯಾರೋ ಅಂದರು. ಸಂಜೀವಪ್ಪ ಎಂಜಲು ಕೈಯಲ್ಲೇ ಎದ್ದು, ಹಿಂದೆ ನಾಲ್ಕು ಜನ ಗಟ್ಟಿ ಆಳುಗಳನ್ನು ಕಟ್ಟಿಕೊಂಡು ಶೆಡ್ಡಿಗೆ ನುಗ್ಗಿದ. ನೋಡುತ್ತಾನೆ: ಇಬ್ಬರು ಮುದುಕರು, ಇಬ್ಬರ ಕೈಯಲ್ಲೂ ಎದೆಯುದ್ದದ ಕೋಲು, ಇಬ್ಬರ ಬಾಯಲ್ಲೂ ಕೇಳಬಾರದ ಮಾತು. "ಅಯ್ಯೋ, ಸಾಕು ಮಾಡ್ರಪ್ಪಾ, ಶುಭಕಾರ್ಯದಲ್ಲಿ ರಾಜಕೀಯ ಯಾಕೆ!" ಎಂದು ಹೋಗಿ ಲಕ್ಷ್ಮಯ್ಯನ ರಟ್ಟೆ ಹಿಡಿದು ಹಿಂದಕ್ಕೆ ಎಳೆದ. ಆಳುಗಳು ಪಿಳ್ಳಪ್ಪನ ಸೊಂಟ ಹಿಡಿದರು.

ಪಿಳ್ಳಪ್ಪ ಕೋಲು ಬಿಡದೆ, ಕೊಸರಾಡುತ್ತಾ, ಕೈ ಮುಗಿಯಲೂ ಆಗದೆ ಕೂಗಿಕೊಂಡ: "ದಮ್ಮಯ್ಯ ಬೀಗರೇ, ಜಗಳ ಬಿಡಿಸ್ಬೇಡಿ! ಇನ್ನೂ ಒಂದು ಬಸ್ಸಿನೋರು ಉಣ್ಬೇಕು!"